ಒಯಾರ್ಸೊನ ಚರ್ಮದ ಸುರುಳಿ

ಸುರುಳಿ ಬಿಚ್ಚಿದರೆ ಎಂಟು ಬಾಯಿ,
ಒಂದೂ ಮಾತಾಡುವುದಿಲ್ಲ.
ಬೆಳಗಿನ ನಾಲ್ಕೂವರೆ. ಪೆಟಗೋನಿಯಾದ ಗಾಳಿ
ಟ್ರಕ್ಕಿನ ಬಾಗಿಲು ತನ್ನದೇ ಎಂಬಂತೆ ಜಗ್ಗುತ್ತಿತ್ತು.
"ಹೆಸರು ಕೇಳಬೇಡ ಎದೆಲ್ಮಿರಾ," ಅಂದ ಬಲ್ತಸಾರ್ ಒಯಾರ್ಸೊ,
"ಹಲ್ಲು ನೋಡು,
ಕುದುರೆ ಕೊಳ್ಳುವವರು ನೋಡುವ ಹಾಗೆ."

ನೋಡಿದೆ.
ಚಪ್ಪಟೆ ಮೂತಿಯದು ಹಿಡಿಯಲಿಕ್ಕೆ,
ಹಿಡಿದದ್ದನ್ನು ಮುರಿಯದೆ ಬಗ್ಗಿಸಲಿಕ್ಕೆ.
ಕೊಕ್ಕಿನಂಥದು ಬೆರಳು ಹೋಗದ ಸಂದಿಗೆ;
ಅದರಿಂದ ಮೊಳೆ ಕಿತ್ತೆಯೋ, ತುದಿ ಸೊಟ್ಟಗಾಗಿ
ಬದುಕಿಡೀ ನಿನ್ನನ್ನು ಓರೆಗಣ್ಣಲ್ಲಿ ನೋಡುತ್ತದೆ.
ಪಕ್ಕದಲ್ಲಿ ಕಚ್ಚುವ ಈ ಸಣ್ಣದು
ತಾಮ್ರಕ್ಕೆ, ಕಟ್ಟುತಂತಿಗೆ, ಮೆತ್ತನೆಯ ಎಲ್ಲಕ್ಕೆ.
ಉಕ್ಕಿಗೆ ಒಡ್ಡಿದರೆ ಅಂಚಿನಲ್ಲಿ ಅರ್ಧಚಂದ್ರ ಬೀಳುತ್ತದೆ.
ಅವನದರಲ್ಲೇ ಮೂರಿದ್ದವು.
"ಇದೊಂದು ನನ್ನ ಮದುವೆಯ ವರ್ಷದ್ದು.
ಅವಸರವಿತ್ತು."

ಬೇಲಿಯ ಇಕ್ಕಳವೆಂದರೆ
ಒಂದೇ ಮೈಯಲ್ಲಿ ಸುತ್ತಿಗೆ, ಕೊಂಡಿ, ಎರಡು ದವಡೆ:
ಎಲ್ಲ ಬಲ್ಲದು, ಯಾವುದನ್ನೂ ಪೂರ್ತಿ ಬಲ್ಲದು.
"ನಮ್ಮ ಪಾದ್ರಿಯ ಹಾಗೆ," ಅಂದು ತಾನೇ ನಕ್ಕ.
ಉದ್ದ ತೋಳಿನ ಬೋಲ್ಟ್ ಕಟರ್
ಸುರುಳಿಗೆ ಹಿಡಿಸದೆ ಸೀಟಿನ ಹಿಂದೆ ಮಲಗಿರುತ್ತಿತ್ತು,
ಕರೆಯದ ಹೊರತು ಏಳದ ದೊಡ್ಡಣ್ಣ.

ಅಂಗಡಿಯಲ್ಲಿ ಹೇಗೆ ಆರಿಸುವುದು?
ಬಾಯಿ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿ.
ಅಂಚುಗಳ ನಡುವೆ ಬೆಳಗು ಕಂಡರೆ
ವಾಪಸು ಇಡು, ಬೆಲೆ ಕೇಳಬೇಡ.
ಹಿಡಿ ನಿನ್ನ ಅಂಗೈ ಕೇಳಬೇಕು, ನನ್ನದಲ್ಲ.
(ನನ್ನ ಅಂಗೈಗೆ ಆಗುವುದು
ನತಾಲೆಸ್ ಪಟ್ಟಣದಲ್ಲಿ ಒಂದೇ ಒಂದಿತ್ತು, ಕೆಂಪು ಹಿಡಿಯದು,
ಹೆಂಗಸರ ಹೊಲಿಗೆ ಸಾಮಾನಿನ ಜೊತೆ ಇಟ್ಟಿದ್ದರು.)

ಕತ್ತರಿಸುವ ಮುಂಚೆ ಬೆರಳಲ್ಲಿ ಮೀಟು.
ಹಾಡಿದರೆ ಮೊದಲು ಸಡಿಲಿಸು.
ಬಿಗಿದ ತಂತಿ ಕೊಯ್ದವರ ಮುಖವನ್ನೇ ಹುಡುಕಿಕೊಂಡು ಬರುತ್ತದೆ.
ಹೇಳುತ್ತ ಹುಬ್ಬು ಕೆರೆದುಕೊಂಡ,
ಹುಬ್ಬಿರಬೇಕಾದ ಜಾಗವನ್ನು.

ಮಾರ್ಚಿಯಲ್ಲಿ ಒಂದು ಗ್ವಾನಾಕೊ ಮರಿ,
ಒಂಟೆಯ ಕುಲದ ಕುಳ್ಳ ನೆಂಟ,
ಬೇಲಿ ಹಾರಲು ಹೋಗಿ ಮೇಲಿನೆರಡು ತಂತಿ ಹೊಸೆದು
ಹಿಂಗಾಲಲ್ಲಿ ನೇತಾಡುತ್ತಿತ್ತು.
ನಾನು ದೊಡ್ಡಣ್ಣನನ್ನು ಎಳೆದುಕೊಂಡು ಓಡಿದೆ.
ಅವನು ಬರಿಗೈ ಚಾಚಿ ಚಪ್ಪಟೆ ಮೂತಿಯದನ್ನು ಕೇಳಿದ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದೇನೂ ಅನ್ನಲಿಲ್ಲ;
ಕಂಬದ ಹತ್ತಿರ, ತಾನೇ ಎಂದೋ ಕಟ್ಟಿದ ಗಂಟನ್ನು
ಸುತ್ತು ಸುತ್ತಾಗಿ ಬಿಚ್ಚಿದ. ಕಾಲು ಜಾರಿತು.
ಮರಿ ಎದ್ದು ಮೂರು ಕಾಲಲ್ಲಿ ಗುಡ್ಡ ಹತ್ತಿತು.
ಬದುಕಿತೋ ಇಲ್ಲವೋ.
ಗಂಟನ್ನು ಅವನು ಮತ್ತೆ ಕಟ್ಟಿದ,
ಅದು ನಮ್ಮ ಕೂಲಿ.

ಈಗ ಅವನ ಕೈ ಊದಿಕೊಂಡಿದೆ.
ಉಂಗುರ ಬೆರಳೊಳಗೆ ಇಳಿದು ನೀಲಿಗಟ್ಟಿದೆ,
ಸೋಪಿಗೂ ಎಣ್ಣೆಗೂ ಜಗ್ಗಿಲ್ಲ.
ನರ್ಸು ಬರುವುದು ಗುರುವಾರ.
ದಿಂಬಿನ ಪಕ್ಕ ಸುರುಳಿ ಬಿಚ್ಚಿದೆ.
ಮೂರು ಚಂದ್ರನದನ್ನು ಮುಟ್ಟಿ ಬಿಟ್ಟೆ: ಅದು ಈಗ ಕಚ್ಚದು, ಅಗಿಯುತ್ತದೆ.
ಕೆಂಪು ಹಿಡಿಯದು ತೆಗೆದೆ.
ಉಂಗುರದಡಿ ಚಮಚೆಯ ಹಿಡಿ ತೂರಿಸಿ
ಉಸಿರು ಕಟ್ಟಿ ಒಮ್ಮೆ ಅದುಮಿದೆ.
ಚಿನ್ನ ಬೆಣ್ಣೆಯಲ್ಲ, ಆದರೂ ಬಿಟ್ಟುಕೊಡುತ್ತದೆ.
ಚಪ್ಪಟೆ ಮೂತಿಯಿಂದ ತುದಿಗಳನ್ನು
ಆಚೆಗೊಂದಿಷ್ಟು, ಈಚೆಗೊಂದಿಷ್ಟು.

ಅವನು ಕಣ್ಣು ತೆರೆಯಲಿಲ್ಲ.
"ಯಾವುದು?" ಅಂದ.
ಹೇಳದೆ ಕೈಗಿಟ್ಟೆ.
ಹೆಬ್ಬೆರಳು ನಿಧಾನಕ್ಕೆ ಅಂಚಿನುದ್ದ ಹೋಯಿತು, ಬಂತು,
ಇನ್ನೊಮ್ಮೆ ಹೋಯಿತು,
ಎಲ್ಲೂ ತಡೆಯಲಿಲ್ಲ.