ಹೆಚ್ಚಿನ ಬರವಣಿಗೆಯ ಬಾಬ್ತು

ಅರಳೇಪೇಟೆ ಶಾನುಭೋಗ ಲಿಂಗರಸನ ಅರಿಕೆ.
ಯಾರಿಗೆ ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ,
ಚಾವಡಿಯಲ್ಲಿ ಈ ಹೊತ್ತು ಕೂತವರು ತುಂಬಿಕೊಳ್ಳಬಹುದು.
ಉಭಯಕುಶಲೋಪರಿ ಬರೆಯುವ ಹಾಗಿಲ್ಲ,
ಹಲಸೂರು ಬಾಗಿಲಿನ ಕದ ಇನ್ನೂ ಕಂದಕದಲ್ಲೇ ಬಿದ್ದಿದೆ.

ನನ್ನ ಉಂಬಳಿ ಯಾತಕ್ಕೆಂದು ಸನದಿನಲ್ಲಿದೆ:
ಮನೆಗಂದಾಯ, ಮಗ್ಗದೆರೆ, ಗಾಣದೆರೆ,
ಧರ್ಮಾಂಬುಧಿ ತೂಬಿನ ನೀರಿನ ಸರದಿ.
ವರ್ಷಕ್ಕೊಂದು ಕಡತ, ಎರಡು ಬಳಪ, ಅಷ್ಟೆ.
ದಂಡಿನ ಮಾತು ಸನದಿನಲ್ಲಿಲ್ಲ.
ಬೆನ್ನು ತಿರುಗಿಸಿಯೂ ನೋಡಿದೆ.

ಮಾಘದಲ್ಲಿ ಕಿಲ್ಲೇದಾರರ ಚೀಟಿ ಬಂತು,
ಪೇಟೆಯ ಎತ್ತೆಲ್ಲ ಹಲ್ಲು ನೋಡಿ ಬರೆ ಅಂತ.
ತೋಟಿ ಮುನಿಗ ಬಾಯಿ ತೆರೆಸಿದ, ನಾನು ಬರೆದೆ,
ನಾಕು ಹಲ್ಲು, ಆರು ಹಲ್ಲು, ಬಾಯ್ಗೂಡಿದ್ದು.
ಮರುದಿನ ಹಗೇವು.
ಮೊದಲು ದೀಪ ಇಳಿಬಿಡುವುದು,
ಆರದಿದ್ದರೆ ಮುನಿಗ ಇಳಿಯುವುದು.
ಗಾಣಿಗರ ದೊಡ್ಡಮಲ್ಲಯ್ಯನ ಹಗೇವಿನಲ್ಲಿ ಆರಿತು.
ಆದರೂ ಇಳಿದ, ಚೀಟಿಯಲ್ಲಿ 'ಈ ಹೊತ್ತೇ' ಅಂತಿತ್ತು.
ಮೇಲೆಳೆದಾಗ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು,
ನೀರು ಎರಚಿದೆವು,
ಒಂದು ಗಳಿಗೆಯ ಮೇಲೆ ಬಾಯಿ ಬಿಟ್ಟ:
ಹದಿನೆಂಟು ಪಲ್ಲ.

ಫಾಲ್ಗುಣದಲ್ಲಿ ಕೆಂಪಂಗಿಯವರು ಬಂದರು.
ಹೊಗೆ ಇಳಿದು ಮೂರನೇ ದಿನ ಅವರ ದುಭಾಷಿ ಬಂದು
ಎತ್ತೆಷ್ಟು, ರಾಗಿ ಎಷ್ಟು ಅಂದ.
ಕಡತ ಅದೇ, ಮಡಿಕೆ ಅದೇ,
ಒದ್ದೆ ಬಟ್ಟೆಯಲ್ಲಿ ಒರೆಸಿ
ಹಳೇ ಅಂಕಿಯ ನೆರಳಿನ ಮೇಲೇ ಹೊಸದು ಬರೆದೆ,
ಅರ್ಧಕ್ಕರ್ಧ ಕಮ್ಮಿ.

ಆ ದುಭಾಷಿಯೇ ಹೇಳಿದ್ದು,
ಅವರ ಸೀಮೆಯಲ್ಲಿ ಯುದ್ಧ ಬಂದರೆ
ದಂಡಿಗೆ ಆಳು ಬರೆಯುವ ಊರ ಗುಮಾಸ್ತನಿಗೆ
ಹೆಸರಿಗಿಷ್ಟು ಅಂತ ಬೇರೆ ಕಾಸಂತೆ.
ಕಾಯಿದೆಯೇ ಇದೆಯಂತೆ.
ಇಲ್ಲಿ ಇಲ್ಲವೇ ಅಂದೆ.
ನಕ್ಕ. ಆ ನಗು ಅವನು ಹೊಸದಾಗಿ ಕಲಿತದ್ದು.

ಆದರೂ ಕೇಳುವವನಿಗೆ ನಾಚಿಕೆಯಿಲ್ಲ, ಬರೆಯುತ್ತೇನೆ.
ಹೊಂಗೆಣ್ಣೆ, ಮೂರು ಸೇರು.
ಬಳಪ, ಹನ್ನೊಂದು.
ಎಕ್ಕಡ ಒಂದು ಜೊತೆ, ಎಡಗಾಲಿನದು ಉರಿದುಹೋಯಿತು.
ರಾತ್ರಿ ನಿದ್ದೆ, ಇಪ್ಪತ್ತಾರು; ಇದರ ದರ ನನಗೆ ತಿಳಿಯದು.
ಪಡಸಾಲೆ ಗೋಡೆಯನ್ನೂ ಸೇರಿಸಿ ಅನ್ನುತ್ತಾಳೆ ಅಚ್ಚಕ್ಕ.
ಗೋಡೆ ಬರವಣಿಗೆಯ ಬಾಬ್ತಿಗೆ ಬರುವುದಿಲ್ಲ ಅಂದೆ.
ಹಾಗಾದರೆ ನಿಮ್ಮ ಬಾಬ್ತನ್ನೇ ಒಲೆಗಿಟ್ಟು ಅಟ್ಟುಣ್ಣಿ ಅಂದಳು.

ಇನ್ನು ಹೊರೆಯಾಳಿನ ಪಟ್ಟಿ.
ನಲವತ್ತು ತಲೆ ಬೇಕು, ಸಂಜೆಯೊಳಗೆ, ಅಂದರು.
ಓಡಿಹೋದವರು ಹೋಗಿ, ಮುದುಕರನ್ನು ಬಿಟ್ಟು,
ಹಜಾಮರ ಚೆನ್ನಿಗ, ದೇವಾಂಗದ ಅಣ್ಣತಮ್ಮ ಇಬ್ಬರು,
ಹೀಗೆ ಮನೆಮನೆ ಕೂಗಿ ಕರೆತಂದವನು ಮುನಿಗ.
ಎಣಿಸಿದರೆ ಮೂವತ್ತೊಂಬತ್ತು.
ನನ್ನ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದ,
ಓದು ಬಾರದು ಅವನಿಗೆ,
ನಲವತ್ತನೆಯ ಸಾಲಿಗೆ ಬೆಳಕು ಸರಿಯಾಗಿ ಬೀಳಲೆಂದು
ಕೈ ಇನ್ನಷ್ಟು ಚಾಚಿದ.

ಪಟ್ಟಣದ ದಾರಿ ಹಿಡಿದು ಹೋದವರಲ್ಲಿ
ಹದಿಮೂರು ಮಂದಿ ಹಿಂದಕ್ಕೆ ಬಂದಿದ್ದಾರೆ.
ಅವನ ಹೆಂಡತಿ ಗಂಗಿ ದಿನಾ ಬೆಳಗ್ಗೆ ಚಾವಡಿ ಗುಡಿಸುತ್ತಾಳೆ,
ಅವಳನ್ನು ಯಾರೂ ನೇಮಿಸಿಲ್ಲ.
ಕಡತ ತೋರಿಸಿ, ಇದರಲ್ಲಿ ಅವನು ಯಾವುದು ಅನ್ನುತ್ತಾಳೆ.
ಬೆರಳಿಟ್ಟು ತೋರಿಸಿದೆ.
ಅಲ್ಲಿಗೆ ಮಾತ್ರ ಕಸಬರಿಗೆಯ ದೂಳು ತಾಗದ ಹಾಗೆ
ಸೆರಗು ಅಡ್ಡ ಹಿಡಿದಳು.

ದರ, ಹೆಸರಿಗೆ ಅರ್ಧ ಹಣ.
ಹೆಸರು ನಲವತ್ತು. ಕೂಡಿದರೆ ಇಪ್ಪತ್ತು ಹಣ.
ಒರೆಸಿ, ಹತ್ತೊಂಬತ್ತೂವರೆ ಎಂದು ಬರೆದಿದ್ದೇನೆ.
ಲೆಕ್ಕ ತಪ್ಪಿದೆಯೆಂದು ಚಾವಡಿಯವರು
ತಿದ್ದಬಾರದಾಗಿ ಅರಿಕೆ.