ಮೂರು ಬೀಪು

ಗುಳೇದಗುಡ್ಡದಾಗ ಖಣ ನೇಯೋ ಮನಿ.
ಮಗ್ಗದ ಬಾಜೂಕನ ಕಂಪ್ಯೂಟರು.
ಬಟನ್ ಒತ್ತಿದರ ಮೂರು ಬೀಪು,
ಪರದೆ ಕರ್ರಗ.

"ವೈರಸ್ ಹೊಕ್ಕೈತಿ" ಅಂದ ಸಂಕಪ್ಪ.
"ಕೂಗಾಕತ್ತೈತಲ್ರೀ, ಅಂದ್ರ ಜೀವ ಐತಿ" ಅಂದೆ.
ಸ್ಕ್ರೂ ಬಿಚ್ಚಿದೆ.

ಫ್ಯಾನಿನ ಎಸಳಿಗೆ ಸುತ್ತಿತ್ತು
ಹತ್ತು ವರ್ಷದ ನೂಲಿನ ಜೊಂಡು,
ಕೆಂಪು, ಹಸಿರು, ನಡುವ ಒಂದೆಳಿ ಜರಿ:
ಯಾರೂ ತೊಡದ ಕುಬಸ
ಕತ್ತಲದಾಗ ತಾನ ನೇದುಕೊಂಡಿತ್ತು.

ಮಗಳ ಕಂಪಾಸಿನ ರಬ್ಬರ್ ಇಸಗೊಂಡು
ರ್‍ಯಾಮಿನ ಬಂಗಾರದ ಹಲ್ಲು ತಿಕ್ಕಿದೆ.
ಒತ್ತಿ ಕೂಡಿಸಿದೆ. ಟಕ್.

ಒಂದ ಬೀಪು. ಬೆಳಕು.
ಗಡಿಯಾರದಾಗ ೨೦೦೯, ಜನವರಿ ಒಂದು.
"ಸೆಲ್ ಸತ್ತೈತ್ರಿ, ಮೂವತ್ತು ರೂಪಾಯಿ."
"ತಡಿ," ಅಂದ ಸಂಕಪ್ಪ,
"ನೂಲಿನಾವನ ಬಾಕಿ ಇನ್ನೂ ಹುಟ್ಟಿಲ್ಲ,
ಸಂಜೀತನ ಹಂಗ ಇರ್ಲಿ."

ಡಿಸೈನ್ ತೆರದು, ಹಾಡು ಹಚ್ಚಿದರ
ಯಾಕ ನಿಂತುಬಿಡತೈತಿ ಅಂತ ನೀಲವ್ವ ಕೇಳಿದಳು.
ಎರಡು ಜಿಬಿ, ಹಳೇ ಪ್ರೊಸೆಸರ್ರು...
ನಾ ತಡವರಿಸೂದ ನೋಡಿ ತಾನ ಅಂದಳು:
"ಒಂದ ಕೈಲೆ ಎರಡು ಲಾಳಿ ಒಗಿ ಅಂದ್ರ
ಅದರೇನು ಮಾಡೀತು ಪಾಪ."
ಹಾಡು ಬಂದ್ ಮಾಡಿದಳು.
ಹೂವಿನ ಅಂಚು ಮೆಲ್ಲಕ ಮೂಡಿತು,
ಸಾಲು ಸಾಲಾಗಿ.

ಬಾದಾಮಿ ರಸ್ತೆಗೆ ಬಂದು
ಚಾ ರೊಕ್ಕ ಕೊಡಾಕ ಕಿಸೇದಾಗ ಕೈ ಹಾಕಿದೆ.
ರಬ್ಬರ್.
ಮ್ಯಾಲ ನೀಲಿ ಪೆನ್ನಿಲೆ ಬರದಿತ್ತು:
ಸಾವಂತ್ರಿ, ಐದನೇ ಇಯತ್ತೆ. ಮುಟ್ಟಬ್ಯಾಡ್ರಿ.