ಇಪ್ಪತ್ನಾಲ್ಕರಿಂದ ಐದಕ್ಕೆ

ಪಳಂಗಪ್ಪನ ಲಾರಿಯ ಡ್ಯಾಶ್‌ಬೋರ್ಡು
ಬೆಳಿಗ್ಗೆ ಎಂಟಕ್ಕೇ ನನ್ನ ಮಡಿಲಲ್ಲಿ.
ಸಿದ್ದಾಪುರದಲ್ಲಿ, ಮರದ ಮಿಲ್ಲಿನ ಗೋಡೆಗೊರಗಿ
ನನ್ನದೊಂದು ತಗಡಿನ ಅಂಗಡಿ. ಬೋರ್ಡಿಲ್ಲ.
ಅಸೈನಾರ್ ಎಂದರೆ ಸಾಕು,
ಹಾರ್ನು ಕೂಗದ ಗಾಡಿಗಳು ದಾರಿ ಕೇಳದೆ ಬರುತ್ತವೆ.

"ಟೇಪಿದ್ದ ಜಾಗಕ್ಕೆ ಇದನ್ನು ಕೂರಿಸು" ಎಂದ.
ಅಕ್ಕಿ ಚೀಲದಿಂದ ತೆಗೆದದ್ದು ಟ್ಯಾಬು,
ಕೊರೋನಾ ಕಾಲದಲ್ಲಿ ಮಗಳು ಪಾಠ ಕೇಳಿದ್ದು.
ಬೆನ್ನಿಗೊಂದು ಚಿಟ್ಟೆ, ಅರ್ಧ ಕಿತ್ತ ನಕ್ಷತ್ರ,
ಮೂಲೆಯಲ್ಲಿ ಕೂದಲೆಳೆಯ ಬಿರುಕು.

ಅಳೆದೆ. ಟೇಪಿನ ಬಾಯಿ ಏಳಿಂಚು, ಟ್ಯಾಬು ಹತ್ತು.
ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೊಯ್ದೆ.
ಹಳೇ ಪ್ಲಾಸ್ಟಿಕ್ಕು ಬಿಸಿಯಾಗಿ ಮೂಗಿಗೆ ಹೊಡೆಯಿತು.
ತೂತಿನೊಳಗೆ ಕೈ ಬಿಟ್ಟರೆ
ಶಾಯಿ ಹೋದ ವೇಬ್ರಿಡ್ಜ್ ಚೀಟಿ,
ಕಲ್ಲಾದ ನಾಲ್ಕು ಕಾಫಿಹಣ್ಣು,
ಇಲಿ ಕಡಿದ ಇಂಡಿಕೇಟರ್ ವೈರು,
ಮತ್ತೊಂದು ಬೀಡಿಕಟ್ಟು, ದಾರವನ್ನೂ ಬಿಚ್ಚಿಲ್ಲ.
"ಚುಬ್ರಂದು. ಬಚ್ಚಿಟ್ಟಿದ್ದಾನೆ ಕಳ್ಳ"
ಎಂದು ಜೇಬಿಗಿಳಿಸಿದ.
ಪಳಂಗಪ್ಪ ಬೀಡಿ ಸೇದುವುದಿಲ್ಲ.

ಎರಡು ಬ್ಯಾಟರಿ ಸೇರಿ ಇಪ್ಪತ್ನಾಲ್ಕು ವೋಲ್ಟು.
ಟ್ಯಾಬಿಗೆ ಬೇಕಾದ್ದು ಐದು.
ನೇರ ಕೊಟ್ಟರೆ, ದುಬಾರೆ ಆನೆಯ ಮುದ್ದೆಯನ್ನು
ಗುಬ್ಬಿಯ ಬಾಯಿಗಿಟ್ಟ ಹಾಗೆ.
ನಡುವೆ ಬೆಂಕಿಪೆಟ್ಟಿಗೆಯಷ್ಟು ಕನ್ವರ್ಟರು, ಅದಕ್ಕೊಂದು ಫ್ಯೂಸು,
ಕೀ ತಿರುಗಿದ ಮೇಲಷ್ಟೇ ಜೀವ ಬರುವ ವೈರು ಹುಡುಕಿ ಜೋಡಣೆ.
ಇಲ್ಲವಾದರೆ ರಾತ್ರಿಯೆಲ್ಲ ಕುಡಿದು
ಬೆಳಿಗ್ಗೆ ಊರವರ ಕೈಲಿ ಲಾರಿ ತಳ್ಳಿಸುತ್ತದೆ.
ಅಂಚಿಗೆ ಸೈಕಲ್ ಟ್ಯೂಬು ಸೀಳಿ ಹಾಸಿದೆ.
ನೆಲ್ಯಹುದಿಕೇರಿ ಕಡೆಯ ತೋಟದ ರಸ್ತೆಗಳಲ್ಲಿ
ಹಲ್ಲು ಸಡಿಲವಿದ್ದವರು ಬಾಯಿ ಮುಚ್ಚಿಯೇ ಹೋಗಬೇಕು.

ನಕ್ಷೆಗಾಗಿ ಅಲ್ಲ ಇದೆಲ್ಲ.
ಮುಂದಿನ ದಾರಿ ಅವನಿಗೆ ಬಾಯಿಪಾಠ.
ತೊಂದರೆ ಹಿಂದಕ್ಕೆ ಹೋಗುವಾಗ.
ಇಪ್ಪತ್ತೆರಡು ವರ್ಷ ಚುಬ್ರ ಹಿಂದೆ ನಿಂತು
ಬಾಡಿಗೆ ಅಂಗೈ ಬಡಿಯುತ್ತಿದ್ದ.
ಎರಡು ಬಡಿದರೆ ಬಾ. ಒಂದು ಬಡಿದರೆ ನಿಲ್ಲು.
ಸುಮ್ಮನಾದರೆ ಇಳಿದು ನೋಡು.
ಹಾಗೆ ಸುಮ್ಮನಾದ ಒಂದು ಸಂಜೆ ಇಳಿದು ನೋಡಿದರೆ
ಚಕ್ರದಿಂದ ಗೇಣು ದೂರ, ಸೀರೆಯ ತೊಟ್ಟಿಲಿಂದ ಜಾರಿ ಬಂದ
ಕೆಲಸದವಳ ಕೂಸು, ಹಣ್ಣು ಆರಿಸುತ್ತಾ.
ಈಗ ಅವನ ಎರಡೂ ಕಣ್ಣಿಗೆ ಪೊರೆ.
ಆಪರೇಷನ್ನಿಗೆ ಬಾ ಎಂದರೆ ನಾಳೆ ಎನ್ನುತ್ತಾನೆ.
ಹೊಸ ಕ್ಲೀನರುಗಳು ಮೂರು ತಿಂಗಳು ನಿಲ್ಲುವುದಿಲ್ಲ.

ಮೂರು ಗಂಟೆಗೆ ರಿವರ್ಸಿಗೆ ಹಾಕು ಎಂದೆ.
ಪರದೆ ಕಪ್ಪಾಯಿತು, ಕೆಮ್ಮಿತು, ನೀಲಿಯಾಯಿತು.
ಆಮೇಲೆ ಮಿಲ್ಲಿನ ಹೊಟ್ಟಿನ ಗುಡ್ಡೆ, ಒಂದು ನಾಯಿ,
ಹಸಿರು, ಹಳದಿ, ಕೆಂಪು ಗೆರೆ.
"ಕೆಂಪಿಗೆ ಬಂದರೆ ನಿಲ್ಲಿಸು."
"ಸುಮ್ಮನಿರೋದು ಯಾವ ಬಣ್ಣ?"
ನಾನು ಕೈಯ ಗ್ರೀಸು ಒರೆಸಿಕೊಂಡೆ.

ಆಗ ಪರದೆಯೊಳಗೆ ಲುಂಗಿ, ಊರುಗೋಲು.
ಬೆಳಗಿನಿಂದ ದಿಮ್ಮಿಯ ಮೇಲೆ ಕೂತಿದ್ದನಂತೆ, ಕರೆದವರಿಲ್ಲ.
ಇಂಜಿನ್ನಿನ ಸದ್ದು ಹಿಡಿದು ಬಂದು, ತಡವಿ,
ಹಿಂಬಾಗಿಲ ಕೊಂಡಿ ಗುರುತಿಸಿ, ಕೈ ಎತ್ತಿದ.
ಅಂಗೈ ಅಷ್ಟೂ ಗೆರೆಗಳನ್ನು ಮುಚ್ಚಿತು.
ಪರದೆಗೆ ದನಿಯಿಲ್ಲ. ದನಿ ತಗಡಿನಿಂದ ಬಂತು,
ಸೀಟಿನಿಂದ, ನಮ್ಮ ಬೆನ್ನಿನ ಮೂಳೆಯಿಂದ:
ಧಬ್, ಧಬ್.

ಪಳಂಗಪ್ಪ ತಲೆ ಹೊರಗೆ ಹಾಕಿ
ಅರ್ಧ ಗಾಲಿ ಹಿಂದಕ್ಕೆ ಬಿಟ್ಟ.
ಧಬ್.
ಗೆರೆ ಇನ್ನೂ ಹಳದಿಯಲ್ಲೇ ಇತ್ತು.
ಇಳಿದು ನೋಡಿದೆ. ಕೋಲಿಗೆ ತಾಗಿದ್ದು ನನ್ನದೇ ಪಾನಾ ಪೆಟ್ಟಿಗೆ,
ಕ್ಯಾಮೆರಾದ ಕಣ್ಣಿಗಿಂತ ಕೆಳಗೆ.
ಕ್ಯಾಮೆರಾವನ್ನು ಎರಡು ಬೆರಳು ಬಗ್ಗಿಸಿ ತಿರುಪು ಬಿಗಿದೆ.
ಈಗ ಪೆಟ್ಟಿಗೆ ಕಾಣುತ್ತದೆ. ಕೂಸೂ ಕಂಡೀತು.

ಪಳಂಗಪ್ಪ ಬೀಡಿಕಟ್ಟು ಅವನ ಕೈಗಿಟ್ಟ. "ತಗೋ ಕಳ್ಳಮಾಲು."
ಚುಬ್ರ ಮೂಸಿದ, ತಿರುಗಿಸಿ ಮತ್ತೆ ಮೂಸಿದ.
"ಇದು ನಂದಲ್ಲ."
"ಮತ್ತೆ ಯಾರದ್ದೋ?"
"ನಿನ್ ಗಾಡಿ. ನಂಗೇನು ಗೊತ್ತು?"

ಕೀ ತೆಗೆಯಲು ನಾನು ಮೇಲೆ ಹತ್ತಿದೆ.
ಪರದೆಯಲ್ಲಿ ಅವರಿಗೆ ತಲೆಯಿಲ್ಲ,
ನಾಲ್ಕು ಕಾಲು, ಒಂದು ಕೋಲು,
ನಡುವೆ ಬಿದ್ದ ಬೆಂಕಿಕಡ್ಡಿ.